ಬೆನ್ನಿನ ಔಷಧ ಪಂಪು: ದಂಪತಿಗಳು ಅರಿತಿರಬೇಕಾದ ಅಪಾಯಗಳು



ಬೆಂಗಳೂರಿನ ಚಾಮರಾಜಪೇಟೆಗೆ ಸಮೀಪದ ಕೋಟೆ ಪ್ರದೇಶದಲ್ಲಿ 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ 1935ರಲ್ಲಿ ವಾಣಿ ವಿಲಾಸ ಆಸ್ಪತ್ರೆಯೂ ಆರಂಭವಾದವು. ಇಂದಿಗೂ ಹಳ್ಳಿಗಳ ದಂಪತಿಗಳು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಮಾರುಕಟ್ಟೆಯ ಬಸ್ ನಿಲ್ದಾಣದಲ್ಲಿ ಇಳಿದು ಅಲ್ಲಿಗೆ ಬರುತ್ತಾರೆ. ಅಂತಹ ಕೆಲವು ಮಕ್ಕಳ ಕೈಕಾಲುಗಳು ಕಟ್ಟಿಗೆಯಂತೆ ಬಿಗಿದಿರುತ್ತವೆ. ಇದು ಯಾರ ಶಾಪವೂ ಅಲ್ಲ, ತಾಯಿಯ ದೋಷವೂ ಅಲ್ಲ. ಮೆದುಳಿಗೆ ಪೆಟ್ಟಾದುದರಿಂದ ಬರುವ ಸೆರೆಬ್ರಲ್ ಪಾಲ್ಸಿ ಇದರ ಮುಖ್ಯ ಕಾರಣ. ತೆಂಗಿನ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ದೊಡ್ಡವರಲ್ಲಿಯೂ ಇಂತಹ ಬಿಗಿತ ಕಾಣಬಹುದು. ಪೋಲಿಯೊ ಬೇರೆ, ಅದರಲ್ಲಿ ಸ್ನಾಯುಗಳು ಸಡಿಲವಾಗುತ್ತವೆ.

ಬಿಗಿತಕ್ಕೆ ಮೊದಲು ವ್ಯಾಯಾಮ ಚಿಕಿತ್ಸೆ, ಬಾಯಿಯ ಮೂಲಕ ಮಾತ್ರೆ ಮುಂತಾದವನ್ನು ಪ್ರಯೋಗಿಸುತ್ತಾರೆ. ಇವುಗಳಿಂದ ಸಾಲದಾದಾಗ ಆಯ್ದ ಕೆಲವರಿಗೆ ಮಾತ್ರ ನರರೋಗ ತಜ್ಞರು ಪಂಪನ್ನು ಸೂಚಿಸಬಹುದು. ಇದು ಹೊಟ್ಟೆಯ ಚರ್ಮದ ಕೆಳಗೆ ಶಸ್ತ್ರಕ್ರಿಯೆಯಿಂದ ಇರಿಸುವ ದುಂಡನೆಯ ಡಬ್ಬಿ. ಅದರಿಂದ ಹೊರಟ ಸಣ್ಣ ನಳಿಕೆಯು, ತೋಟದ ಗಿಡದ ಬುಡಕ್ಕೆ ಹನಿಹನಿಯಾಗಿ ನೀರು ಬಿಡುವಂತೆ, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬ್ಯಾಕ್ಲೋಫೆನ್ ಎಂಬ ಔಷಧವನ್ನು ಬಿಡುತ್ತದೆ. ನೇರವಾಗಿ ಸೇರುವುದರಿಂದ ಮಾತ್ರೆಗಿಂತ ಅತ್ಯಲ್ಪ ಪ್ರಮಾಣ ಸಾಕು. ಪಂಪು ಇಡುವ ಮೊದಲು ಬೆನ್ನಿಗೆ ಪರೀಕ್ಷಾ ಚುಚ್ಚುಮದ್ದು ಕೊಟ್ಟು ಗುಣ ನೋಡುತ್ತಾರೆ.

ಈ ಚಿಕಿತ್ಸೆಯಿಂದ ಬಿಗಿತ ಇಳಿಯುವುದು. ಮೂಲ ರೋಗ ಹೋಗುವುದಿಲ್ಲ. ಇದರ ಅಪಾಯಗಳನ್ನು ಪತಿಪತ್ನಿಯರಿಬ್ಬರೂ ಒಟ್ಟಿಗೆ ಕೇಳಿ ತಿಳಿಯತಕ್ಕದ್ದು.

ಮೊದಲನೆಯದು, ಸೋಂಕು. ಗಾಯ ಕೆಂಪಾಗಿ ಊದಿಕೊಂಡರೆ, ಕೀವು ಅಥವಾ ನೀರು ಸೋರಿದರೆ, ಜ್ವರದೊಡನೆ ಕುತ್ತಿಗೆ ಬಿಗಿದರೆ ತಡಮಾಡಕೂಡದು. ಸೋಂಕು ಮೆದುಳಿನ ಪೊರೆಗೂ ಹರಡಬಲ್ಲುದು.

ಎರಡನೆಯದು, ಔಷಧ ಹೆಚ್ಚಾಗುವುದು. ಆಗ ಅತಿಯಾದ ತೂಕಡಿಕೆ, ಮೈ ಜೋಲುವಿಕೆ, ಉಸಿರಾಟದ ನಿಧಾನ, ಕೊನೆಗೆ ಪ್ರಜ್ಞೆ ತಪ್ಪುವುದು ಉಂಟಾಗಬಹುದು.

ಮೂರನೆಯದು, ಎಲ್ಲಕ್ಕಿಂತ ಘೋರವಾದುದು, ಔಷಧ ಹಠಾತ್ತಾಗಿ ನಿಲ್ಲುವುದು. ನಳಿಕೆ ಮಡಿಸಿದರೆ, ತುಂಡಾದರೆ, ಜಾರಿದರೆ, ಬ್ಯಾಟರಿ ಮುಗಿದರೆ ಅಥವಾ ಔಷಧ ತುಂಬಿಸುವ ದಿನ ತಪ್ಪಿದರೆ ಹೀಗಾಗುತ್ತದೆ. ಮೊದಲು ಮೈ ತುರಿಕೆ, ಚುಮುಗುಟ್ಟುವಿಕೆ, ಹಿಂದಿನ ಬಿಗಿತ ಮರಳುವುದು. ಅನಂತರ ತೀವ್ರ ಜ್ವರ, ಮನಸ್ಸಿನ ಗೊಂದಲ, ಸ್ನಾಯುಗಳ ನಾಶ. ಪ್ರಾಣವೇ ಹೋಗಬಹುದು. ಇದನ್ನು ಸಾಮಾನ್ಯ ಜ್ವರವೆಂದೋ ಗಾಳಿ ಸೋಕಿತೆಂದೋ ಭಾವಿಸಿ ಮನೆಯಲ್ಲಿ ಕೂರಬೇಡಿ. 108ಕ್ಕೆ ಕರೆಮಾಡಿ, ಪಂಪು ಇರುವುದನ್ನು ಮೊದಲೇ ಹೇಳಿ ಆಸ್ಪತ್ರೆಗೆ ಕರೆದೊಯ್ಯಿರಿ.

ಪಂಪಿಗೆ ಕೆಲವು ವಾರಗಳಿಂದ ಆರು ತಿಂಗಳೊಳಗೆ, ವೈದ್ಯರು ಗೊತ್ತುಮಾಡಿದ ದಿನದಂದು, ಸೂಜಿಯಿಂದ ಔಷಧ ತುಂಬಿಸಬೇಕು. ಬಿತ್ತನೆಯಿರಲಿ, ಸುಗ್ಗಿಯಿರಲಿ, ಬಸವನಗುಡಿಯ ಪರಿಷೆಗೆ ಕಡಲೆಕಾಯಿ ಸಾಗಿಸುವ ಕಾರ್ತಿಕ ಮಾಸವಿರಲಿ, ಆ ದಿನ ತಪ್ಪಕೂಡದು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಸುಮಾರು ಐದರಿಂದ ಏಳು ವರ್ಷಗಳಲ್ಲಿ ಬ್ಯಾಟರಿ ಮುಗಿಯುವುದರಿಂದ ಪಂಪನ್ನೇ ಮತ್ತೆ ಶಸ್ತ್ರಕ್ರಿಯೆಯಿಂದ ಬದಲಿಸಬೇಕು. ಎಂ.ಆರ್.ಐ. ಪರೀಕ್ಷೆಗೆ ಮುಂಚೆ ಪಂಪಿನ ವಿಷಯ ತಿಳಿಸಿ, ಪರೀಕ್ಷೆಯ ಬಳಿಕ ಅದು ನಡೆಯುತ್ತಿದೆಯೇ ಎಂದು ನೋಡಿಸಿರಿ. ಪಂಪಿನ ಚೀಟಿ ಸದಾ ಜೊತೆಯಲ್ಲಿರಲಿ.

ಪಂಪು ಪಡೆದ ಗೃಹಿಣಿಯು ಮಗುವನ್ನು ಬಯಸಿದಲ್ಲಿ ಮೊದಲೇ ವೈದ್ಯರೊಡನೆ ಸಮಾಲೋಚಿಸಬೇಕು. ಗರ್ಭ ನಿಂತಿತೆಂದು ತಾನಾಗಿಯೇ ಚಿಕಿತ್ಸೆ ನಿಲ್ಲಿಸುವುದು ಅಪಾಯಕರ. ಬ್ಯಾಕ್ಲೋಫೆನ್ ಮಾತ್ರೆಯನ್ನು ಸೇವಿಸುವವರೂ ಅದನ್ನು ಹಠಾತ್ತಾಗಿ ಬಿಡಕೂಡದು.

ಒಪ್ಪಿಗೆಗೆ ಸಹಿ ಹಾಕುವ ಮುನ್ನ ನಾಲ್ಕು ಪ್ರಶ್ನೆ ಕೇಳಿರಿ: ಮುಂದಿನ ವೆಚ್ಚ ಎಷ್ಟು? ಔಷಧ ಎಲ್ಲಿ ತುಂಬಿಸುತ್ತಾರೆ? ನಡುರಾತ್ರಿ ತೊಂದರೆಯಾದರೆ ಯಾರನ್ನು ಕರೆಯಬೇಕು? ಬೇರೆ ಉಪಾಯ ಉಂಟೇ? ಉತ್ತರ ತೃಪ್ತಿಕರವಾಗದಿದ್ದರೆ ಕಾಲಾವಕಾಶ ಕೇಳುವುದು ನಿಮ್ಮ ಹಕ್ಕು. ಸೆರೆಬ್ರಲ್ ಪಾಲ್ಸಿಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದೆ. ಪ್ರಮಾಣಪತ್ರಕ್ಕಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ಪಂಪನ್ನು ಇಡುವವರು ವೈದ್ಯರು. ದಿನದಿನವೂ ಅದನ್ನು ಕಾಯುವವರು ಮನೆಯವರು. ಆ ಕಾವಲು ತಾಯಿಯೊಬ್ಬಳ ಪಾಲಿಗೇ ಬೀಳದೆ ದಂಪತಿಗಳಿಬ್ಬರ ಹೊಣೆಯಾಗಲಿ.