ಹಿತ್ತಿಲ ಸೊಪ್ಪು, ಅಂಗಡಿಯ ಪೊಟ್ಟಣ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ದಿನಕ್ಕೊಂದೇ ಬಸ್ಸು ಬರುವ ಘಟ್ಟದ ಊರಿನ ಅಂಗಡಿಯಲ್ಲಿಯೂ ಇಂದು ಬಣ್ಣಬಣ್ಣದ ಪೊಟ್ಟಣಗಳ ಮಾಲೆ ತೂಗಾಡುತ್ತಿರುತ್ತದೆ. ಅಂಗಡಿಯ ಹಿಂದಿನ ಹಿತ್ತಿಲಲ್ಲಿಯೇ ಒಂದೆಲಗ, ಕೆಸು, ದೊಡ್ಡಪತ್ರೆ, ಬಸಳೆಗಳು ಕೇಳುವವರಿಲ್ಲದೆ ಬೆಳೆದಿರುತ್ತವೆ. ಪೊಟ್ಟಣಕ್ಕೆ ಹಣ ಬೇಕು. ಸೊಪ್ಪಿಗೆ ಬಗ್ಗಿ ಕೊಯ್ದರೆ ಸಾಕು. ಆದರೂ ಕೈ ಮೊದಲು ಚಾಚುವುದು ಪೊಟ್ಟಣದತ್ತಲೇ. ಇದು ನಾಲಿಗೆಯ ಚಾಪಲ್ಯವೆಂದು ಮಕ್ಕಳನ್ನು ಗದರುವುದು ಸುಲಭ. ಆದರೆ ತಪ್ಪೆಲ್ಲವೂ ನಾಲಿಗೆಯದೇ ಎನ್ನುವಂತಿಲ್ಲ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. 20 ಮಂದಿ ವಯಸ್ಕರನ್ನು ಸಂಸ್ಥೆಯಲ್ಲಿಯೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಸಹಜ ಪದಾರ್ಥಗಳಿಂದ ಮಾಡಿದ ಅಡುಗೆಯನ್ನೂ ಬಡಿಸಲಾಯಿತು. ಮುಂದಿಟ್ಟ ಊಟಗಳಲ್ಲಿ ಸಕ್ಕರೆ, ಕೊಬ್ಬು, ನಾರು, ಉಪ್ಪುಗಳ ಪ್ರಮಾಣವನ್ನು ಸರಿದೂಗಿಸಿದ್ದರು. ಎಷ್ಟು ಉಣ್ಣಬೇಕೆಂಬುದು ಮಾತ್ರ ಉಣ್ಣುವವರ ಇಚ್ಛೆ. ಕಾರ್ಖಾನೆಯ ಆಹಾರವಿದ್ದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋಕ್ಯಾಲೊರಿಯಷ್ಟು ಹೆಚ್ಚು ತಿಂದರು. ಎರಡೇ ವಾರದಲ್ಲಿ ಸರಾಸರಿ 900 ಗ್ರಾಂ ತೂಕ ಏರಿತು. ಸಹಜ ಅಡುಗೆಯಲ್ಲಿ ಅಷ್ಟೇ ತೂಕ ಇಳಿಯಿತು. ಪ್ರಯೋಗ ಚಿಕ್ಕದು, ನಿಜ. ಆದರೂ ‘ಮಿತವಾಗಿ ತಿಂದರೆ ಎಲ್ಲವೂ ಒಂದೇ’ ಎಂಬ ಮಾತನ್ನು ಅದು ಸಂಶಯಕ್ಕೆ ಈಡುಮಾಡಿತು. ಮಿತವನ್ನೇ ಮರೆಸುವಂತೆ ತಯಾರಾದ ತಿನಿಸಿಗೆ ಆ ಮಾತು ಹೇಗೆ ಅನ್ವಯಿಸೀತು?

ಹಾಗೆಂದು ಸಂಸ್ಕರಣೆಯೆಲ್ಲ ಕೆಟ್ಟದ್ದೆಂದು ತಿಳಿಯಬಾರದು. ಮಲೆನಾಡಿನ ಅಡುಗೆಮನೆ ಸಂಸ್ಕರಣೆಯಲ್ಲಿ ಪಳಗಿದ್ದೇ ಆಗಿದೆ. ಕಳಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ನೆನೆಸಿಟ್ಟು, ಅದರೊಳಗಿನ ವಿಷಾಂಶವನ್ನು ಕಳೆದೇ ಬೇಯಿಸುತ್ತಾರೆ. ಕೆಸುವಿನ ತುರಿಕೆಯನ್ನು ಅಡಗಿಸಲು ಪತ್ರೊಡೆಯ ಹಿಟ್ಟಿಗೆ ಹುಳಿ ಸೇರಿಸುತ್ತಾರೆ. ಮಾವಿನ ಮಿಡಿ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ, ಹಪ್ಪಳ, ಸಂಡಿಗೆಗಳು ಮಳೆಗಾಲದ ಕೊರತೆಯನ್ನು ನೀಗಿಸಲು ಹುಟ್ಟಿದವು. ಅವುಗಳಲ್ಲಿ ಉಪ್ಪು ಹೆಚ್ಚೆಂಬುದನ್ನೂ ಮರೆಯದೆ ಎಲೆಯ ತುದಿಯಲ್ಲಿಯೇ ಅವಕ್ಕೆ ಸ್ಥಾನ ಕೊಟ್ಟಿದ್ದರು. ಕುಚ್ಚಲಕ್ಕಿಯ ವಿಧಾನವೂ ಹಾಗೆಯೇ: ಭತ್ತವನ್ನು ಬೇಯಿಸಿ ಒಣಗಿಸಿದಾಗ ಹೊರಪದರದ ಬಿ ಜೀವಸತ್ವ ಒಳಗಿನ ಕಾಳಿಗೆ ಇಳಿಯುತ್ತದೆ. ಬೆಳ್ಳಗೆ ಹೊಳಪುಕೊಡುವ ಯಂತ್ರವಾದರೋ ಆ ಪದರವನ್ನೇ ತೌಡಾಗಿ ಹೊರಹಾಕುತ್ತದೆ. ಅದು ಕೊಟ್ಟಿಗೆಗೆ ಹೋಗುತ್ತದೆ. ಈ ಲೆಕ್ಕದಲ್ಲಿ ಯಜಮಾನನಿಗಿಂತ ಎಮ್ಮೆಯೇ ಭಾಗ್ಯಶಾಲಿ.

ಇನ್ನು ಉಪ್ಪಾಗೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು. ಏಕೆಂದರೆ ಊಟದ ಎಲೆಗೂ ಕಾಡಿಗೂ ಇರುವ ನಂಟು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪಶ್ಚಿಮ ಘಟ್ಟದ ಈ ಮರದ ಹಣ್ಣಿನ ಸಿಪ್ಪೆ ಅಡುಗೆಗೆ ಹುಳಿಯಾಗುತ್ತಿತ್ತು. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ದೋಸೆಯ ಕಾವಲಿಗೂ ಒಗ್ಗರಣೆಗೂ ಒದಗುತ್ತಿತ್ತು. ಹಣ್ಣಿನ ಪಾಲು ಸಿಂಗಳೀಕಗಳಿಗೂ ಸಲ್ಲುತ್ತಿತ್ತು. 1990ರ ದಶಕದಲ್ಲಿ, ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆಂಬ ಪ್ರಚಾರ ಪಾಶ್ಚಾತ್ಯ ದೇಶಗಳಲ್ಲಿ ಹಬ್ಬಿ, ಉಪ್ಪಾಗೆಗೆ ಹಿಂದೆಂದೂ ಇಲ್ಲದ ಬೇಡಿಕೆ ಬಂದಿತು. ನೀನು ಮುಂದೆ, ತಾನು ಮುಂದೆ ಎಂಬ ಪೈಪೋಟಿಯಲ್ಲಿ ಬಲಿಯದ ಕಾಯಿಗಳನ್ನು ಕೊಯ್ದರು, ಕೊಂಬೆಗಳನ್ನೇ ಕಡಿದರು. ಹಣ್ಣಾಗುವುದು ಮಳೆಗಾಲದಲ್ಲಿ, ಬಿಸಿಲಿಲ್ಲದ ಆ ದಿನಗಳಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಸೌದೆಯೇ ಬೇಕಾಯಿತು. ಇಷ್ಟೆಲ್ಲ ಆಗುತ್ತಿರುವಾಗ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ವರದಿ ಬಂದಿತು. 135 ಮಂದಿಯ ಮೇಲೆ 12 ವಾರ ನಡೆಸಿದ ಪರೀಕ್ಷೆಯಲ್ಲಿ ಆ ಔಷಧಿಗೂ ಸುಳ್ಳುಗುಳಿಗೆಗೂ ತೂಕ ಇಳಿಸುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ!

ಎಂತಹ ವಿಚಿತ್ರ ಚಕ್ರ! ಎಲ್ಲಿಯೋ ಕಾರ್ಖಾನೆಯ ತಿನಿಸು ತಿಂದು ಬೆಳೆದ ಬೊಜ್ಜಿಗಾಗಿ ಇಲ್ಲಿಯ ಮರದ ಕೊಂಬೆ ಮುರಿಯಿತು. ಸಿಪ್ಪೆ ಮಾರಿ ಬಂದ ದುಡ್ಡಿನಲ್ಲಿ ಊರಿಗೆ ತಾಳೆ ಎಣ್ಣೆಯೂ ಬಿಸ್ಕತ್ತೂ ಬಂದವು. ಉಪ್ಪಾಗೆ ತುಪ್ಪ ಮಾಡಬಲ್ಲ ಕೈಗಳು ಈಗ ಒಂದೊಂದು ಊರಿನಲ್ಲಿ ಎಷ್ಟಿವೆ ಎಂಬುದನ್ನು ಊರಿನವರೇ ಎಣಿಸಬೇಕು.

ಮನೆಯಡುಗೆಗೆ ಮರಳಿರೆಂದು ವೇದಿಕೆಯಿಂದ ಕರೆಕೊಡುವವರಲ್ಲಿ ಬಹುಪಾಲು ಒಲೆಯ ಮುಂದೆ ನಿಲ್ಲದವರು. ಕೊಟ್ಟಿಗೆ, ತೋಟ, ನೀರು, ಸೌದೆಗಳ ನಡುವೆ ಬೆಂದ ಗೃಹಿಣಿ ಸಂಜೆ ನೂಡಲ್ಸ್ ಪೊಟ್ಟಣ ಒಡೆದರೆ ಅದು ಸೋಮಾರಿತನವಲ್ಲ, ದಣಿವು. ಸೊಪ್ಪು ಕೊಯ್ದು ಸೋಸುವುದನ್ನೂ ಕಾಯಿ ತುರಿಯುವುದನ್ನೂ ಗಂಡಸರು ಮತ್ತು ಹುಡುಗರು ಕಲಿಯದ ಹೊರತು ಈ ಉಪದೇಶಕ್ಕೆ ಅರ್ಥವಿಲ್ಲ. ಕಲಿಯಲು ಕಷ್ಟವೇನೂ ಇಲ್ಲ. ಒಂದೆಲಗದ ತಂಬುಳಿಗೆ ಒಗ್ಗರಣೆಯ ಹೊರತು ಬೆಂಕಿಯೇ ಬೇಡ: ಒಂದು ಹಿಡಿ ಎಲೆಯನ್ನು ಚೆನ್ನಾಗಿ ತೊಳೆದು, ಕಾಯಿತುರಿ, ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ ಉಪ್ಪು ಬೆರೆಸಿದರೆ ಆಯಿತು. ಆದರೆ ಕಳೆನಾಶಕ ಹೊಡೆದ ತೋಟದ ಎಲೆಯನ್ನು ಮುಟ್ಟಬಾರದು. ಆ ಸಿಂಪಡಣೆಗೆ ಕಳೆ ಯಾವುದು, ತಂಬುಳಿ ಯಾವುದು ಎಂಬ ವಿವೇಚನೆ ಇಲ್ಲ. ಅಡಿಕೆ ತೋಟದ ಬದುವಿನಿಂದ ಒಂದೆಲಗ ಮರೆಯಾಗಲು ಅದೂ ಒಂದು ಕಾರಣ.

ವಿದ್ಯಾರ್ಥಿಗಳಿಗೆ ಎರಡು ಕೆಲಸ. ಮೊದಲನೆಯದು, ಪೊಟ್ಟಣದ ಹಿಂಬದಿಯನ್ನು ಓದಿ ಮನೆಯವರಿಗೆ ಕನ್ನಡದಲ್ಲಿ ಹೇಳುವುದು. ಒಳಗಿರುವ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬುದು ನಿಯಮ. ಆದ್ದರಿಂದ ಮೊದಲ ಮೂರು ಹೆಸರುಗಳೇ ಬಹುಪಾಲು ಗುಟ್ಟನ್ನು ಬಿಟ್ಟುಕೊಡುತ್ತವೆ. ಎರಡನೆಯದು, ಅಜ್ಜಿಯನ್ನೋ ನೆರೆಯ ಹಿರಿಯರನ್ನೋ ಜೊತೆಗೆ ಕರೆದುಕೊಂಡು ಹಿತ್ತಿಲು, ಬೇಣ, ಬೆಟ್ಟ ಸುತ್ತಿ, ಉಣ್ಣುವ ಸೊಪ್ಪು, ಚಿಗುರು, ಕಾಯಿಗಳ ಪಟ್ಟಿ ಬರೆಯುವುದು. ಗುರುತಿಲ್ಲದ ಎಲೆಯನ್ನೂ ಅಣಬೆಯನ್ನೂ ಬಾಯಿಗಿಡಬಾರದು. ಪ್ರತಿಯೊಂದರ ಮುಂದೆ ಊರಿನ ಹೆಸರು, ದೊರೆಯುವ ತಿಂಗಳು, ಅಡುಗೆಯ ವಿಧಾನ ಇರಲಿ. ಮರಕೆಸುವಿನಂಥವು ಯಾವ ಮರದ ಮೇಲೆ ಸಿಕ್ಕವೆಂಬುದನ್ನೂ ಬರೆಯಿರಿ. ಹುಡುಕಿದರೂ ಸಿಗದವುಗಳ ಮುಂದೆ, ಅವನ್ನು ಕೊನೆಯ ಬಾರಿ ಎಲ್ಲಿ, ಯಾವ ವರ್ಷ ಕಂಡದ್ದೆಂದು ಅಜ್ಜಿಯನ್ನೇ ಕೇಳಿ ಬರೆಯಿರಿ.