ಜೀವನಚರಿತ್ರೆಗಳ ಓದು: ನಮ್ಮ ಅನುಭವ

(ಗೊರೇಬಾಳದಲ್ಲಿ ಶಿಕ್ಷಕರ ಹಾಗೂ ಗ್ರಾಮಸ್ಥರ ಎದುರಿಗೆ ಮಾಡಿದ ಭಾಷಣ)



ಗೊರೇಬಾಳಕ್ಕೆ ಬರುವೆವೆಂದು ನಾವು ಒಪ್ಪಿಕೊಂಡಾಗ ನಮ್ಮ ಮಿತ್ರರೊಬ್ಬರು, "ಯಾವ ಗೊರೇಬಾಳ? ಸಿಂಧನೂರಿನ ಕಡೆಯದೋ, ಲಿಂಗಸೂಗೂರಿನ ಕಡೆಯದೋ, ಮಸ್ಕಿಯ ಕಡೆಯದೋ?" ಎಂದು ಕೇಳಿದರು. ಹೆಸರು ಒಂದೇ ಆದರೂ ಊರಿಗೊಂದು ಕಥೆ ಇರುವದು. ಮನುಷ್ಯರ ಮಾತೂ ಹಾಗೆಯೇ. ಹುಟ್ಟು, ಹಸಿವು, ಮದುವೆ, ಸಾಲ, ಸಾವು ಇವು ಎಲ್ಲರಿಗೂ ಒಂದೇ. ಆದಾಗ್ಯೂ ಒಬ್ಬನ ಬಾಳಿನಂತೆ ಇನ್ನೊಬ್ಬನ ಬಾಳು ಇಲ್ಲ. ಊರ ಹೆಸರಿನಲ್ಲಿಯೇ 'ಬಾಳ' ಇರುವ ತಮ್ಮೆದುರಿಗೆ ಬಾಳಿನ ಕಥೆಗಳ ವಿಷಯವಾಗಿ ಮಾತನಾಡಲು ನಮಗೆ ಅವಕಾಶ ದೊರೆತದ್ದು ಸಂತೋಷದ ಸಂಗತಿ. ನಾವು ಪಂಡಿತರಲ್ಲ. ಓದುವಾಗ ನಮ್ಮ ಮನಸ್ಸಿಗೆ ಏನಾಯಿತೆಂಬದನ್ನು ಮಾತ್ರ ಮುಚ್ಚುಮರೆಯಿಲ್ಲದೆ ಅರಿಕೆ ಮಾಡಿಕೊಳ್ಳುವೆವು.

ಬಾಲ್ಯದಲ್ಲಿ ನಾವು ಮಹಾಪುರುಷರ ಚರಿತ್ರೆಗಳನ್ನು ಓದುತ್ತಿದ್ದದ್ದು ಗುರುಗಳ ಒತ್ತಾಯಕ್ಕಾಗಿ. ದೊಡ್ಡವರ ಗುಣಗಳನ್ನು ಪಟ್ಟಿ ಮಾಡುವದು, ಪರೀಕ್ಷೆಯಲ್ಲಿ ಬರೆಯುವದು, ಮರೆಯುವದು. ಇದೇ ನಮ್ಮ ಓದು. ಈ ನಿದ್ದೆಯಿಂದ ನಮ್ಮನ್ನು ಮೊದಲು ಎಬ್ಬಿಸಿದ್ದು ಮಹಾತ್ಮಾ ಗಾಂಧಿಯವರ ಆತ್ಮಕಥೆ. ಗುಜರಾತಿಯ 'ನವಜೀವನ' ಪತ್ರಿಕೆಯಲ್ಲಿ ೧೯೨೫ರಿಂದ ವಾರವಾರವೂ ಪ್ರಕಟವಾದ ಆ ಬರಹವನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರರು ಕನ್ನಡಕ್ಕೆ ತಂದರು. ಅದರಲ್ಲಿ ಒಂದು ಪ್ರಸಂಗವುಂಟು. ಹದಿನೈದು ವರುಷದ ಹುಡುಗನು ಅಣ್ಣನ ತೋಳಬಂದಿಯೊಳಗಿನ ಬಂಗಾರದ ಚೂರನ್ನು ಕದಿಯುವನು. ಮನಸ್ಸು ತಡೆಯದೆ ತಪ್ಪನ್ನೆಲ್ಲ ಚೀಟಿಯಲ್ಲಿ ಬರೆದು ಹಾಸಿಗೆ ಹಿಡಿದ ತಂದೆಯ ಕೈಯಲ್ಲಿ ಕೊಡುವನು. ತಂದೆಯು ಬೈಯಲಿಲ್ಲ, ಹೊಡೆಯಲಿಲ್ಲ. ಕಣ್ಣೀರು ಸುರಿಸಿ ಚೀಟಿಯನ್ನು ಹರಿದುಹಾಕಿದನು.

ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಾವೂ ಒಂದು ಜಾತ್ರೆಯ ದಿನ ತಂದೆಯವರ ಅಂಗಿಯ ಕಿಸೆಯಿಂದ ನಾಲ್ಕಾಣೆ ತೆಗೆದಿದ್ದೆವು. ಅಂದು ಮನೆಯಲ್ಲಿ ಸಂಶಯ ಬಂದದ್ದು ನಮ್ಮ ಮೇಲಲ್ಲ, ಹೊಲದ ಆಳಿನ ಮೇಲೆ. ಅವನು ದೇವರಾಣೆ ಹಾಕಿದನು; ನಾವು ಬಾಯಿ ಬಿಡಲಿಲ್ಲ. ಪುಸ್ತಕವನ್ನು ಮುಚ್ಚಿದ ಮರುದಿನವೇ ಹೇಳಿಬಿಡಬೇಕೆಂದು ನಿಶ್ಚಯಿಸಿದೆವು. ಆದರೆ ದಿನಕ್ಕೊಂದು ನೆವ ದೊರೆಯಿತು. ಕೆಲವು ವರುಷಗಳಲ್ಲಿ ತಂದೆಯವರೂ ತೀರಿಕೊಂಡರು. ಒಳ್ಳೆಯ ಆತ್ಮಕಥೆಯು ಓದುಗನನ್ನು ತನ್ನಂತೆಯೇ ಧೈರ್ಯಶಾಲಿಯನ್ನಾಗಿ ಮಾಡುವದೆಂಬ ಮಾತನ್ನು ಅಂದಿನಿಂದ ನಾವು ಪೂರ್ತಿಯಾಗಿ ನಂಬುವದಿಲ್ಲ. ಅದು ನಮಗೆ ನಮ್ಮ ಅಳತೆಯನ್ನು ತೋರಿಸುವದು. ಅಷ್ಟೇ ಮಾಡಿದರೂ ಅದು ಸಣ್ಣ ಉಪಕಾರವಲ್ಲ.

ಮಹಾಶಯರೇ, ಆತ್ಮಚರಿತ್ರೆಯೆಂಬುದು ಪಶ್ಚಿಮದಿಂದ ಬಂದ ಹೊಸ ಪದ್ಧತಿಯೆಂದು ಹೇಳುವವರುಂಟು. ಅಂಥವರನ್ನು ನಾವು ತಮ್ಮ ಮಸ್ಕಿಯ ಬಂಡೆಯ ಬಳಿಗೆ ಕರೆದೊಯ್ಯಬಯಸುವೆವು. ೧೯೧೫ರಲ್ಲಿ ಬಂಗಾರದ ಗಣಿಗಳ ಇಂಜಿನಿಯರರಾದ ಬೀಡನ್ ಎಂಬವರ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ 'ಅಶೋಕ' ಎಂಬ ಹೆಸರೂ ಇದ್ದದ್ದರಿಂದ, ದೇಶದಲ್ಲೆಲ್ಲ ಹರಡಿದ ಆ ಶಾಸನಗಳ ಒಡೆಯನಾರೆಂಬ ಪ್ರಶ್ನೆ ನಿಶ್ಚಿತವಾಗಿ ಬಗೆಹರಿಯಿತೆಂಬದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಬರಹದ ಧಾಟಿಯನ್ನು ಗಮನಿಸುವವರು ಕಡಿಮೆ. ಪ್ರಾಕೃತ ಭಾಷೆಯಲ್ಲಿ, ಬ್ರಾಹ್ಮೀ ಲಿಪಿಯಲ್ಲಿ ಚಕ್ರವರ್ತಿಯು ತನ್ನ ಮಾತನ್ನೇ ಆಡುತ್ತಾನೆ. ತಾನು ಬುದ್ಧನ ಅನುಯಾಯಿಯಾಗಿ ಎರಡೂವರೆ ವರುಷಕ್ಕೆ ಮಿಕ್ಕಿತೆಂದೂ, ಸಂಘವನ್ನು ಸೇರಿ ಶ್ರಮಪಟ್ಟದ್ದು ಈಚೆಗೆ ಎಂದೂ ಲೆಕ್ಕ ಕೊಡುತ್ತಾನೆ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಪಾಠದಲ್ಲಿ ಇನ್ನೂ ಒಂದು ಮಾತನ್ನು ಸೇರಿಸಿ, ಮೊದಲಿನ ಒಂದು ವರುಷ ತಾನು ಸಾಲದಷ್ಟೇ ಯತ್ನ ಮಾಡಿದೆನೆಂದು ಒಪ್ಪಿಕೊಳ್ಳುತ್ತಾನೆ.

ಗೆದ್ದ ಯುದ್ಧಗಳನ್ನು ಕಲ್ಲಿನಲ್ಲಿ ಕೊರೆಯಿಸಿದ ಅರಸರು ಬಹಳ ಜನ. ತನ್ನ ಒಂದು ವರುಷದ ಆಲಸ್ಯವನ್ನು ಕಲ್ಲಿನಲ್ಲಿ ಕೊರೆಯಿಸಿದ ಅರಸನನ್ನು ನಾವು ಇನ್ನೊಬ್ಬನನ್ನು ಕಾಣೆವು. ಎರಡು ಸಾವಿರದ ಇನ್ನೂರು ವರುಷಗಳಿಗೂ ಹಿಂದಿನ ಈ ಅರಿಕೆಯು ತಮ್ಮ ಹೊಲಗಳ ನಡುವೆ ಬಿಸಿಲು ಮಳೆಗಳನ್ನು ತಿಂದು ನಿಂತಿದೆ. ಕಾರಣ, ಆತ್ಮಚರಿತ್ರೆಯನ್ನು ನಾವು ಯಾರಿಂದಲೂ ಎರವಲು ತರಬೇಕಾಗಿಲ್ಲ.

ಇನ್ನು ನಮ್ಮ ಮನಸ್ಸನ್ನು ಬಹಳ ಕದಡಿದ ಪುಸ್ತಕದ ಮಾತು. ಅದೂ ಈ ಸೀಮೆಗೆ ಸಂಬಂಧಪಟ್ಟದ್ದೇ. ಸುರಪುರದಲ್ಲಿ ಇಂಗ್ಲಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ತನ್ನ ಬಾಳಿನ ಕಥೆಯನ್ನು ಬರೆದಿಟ್ಟನು. ೧೮೭೬ರಲ್ಲಿ ಅವನು ತೀರಿದ ಮರುವರುಷ ಅವನ ಮಗಳು ಅದನ್ನು ಅಚ್ಚು ಹಾಕಿಸಿದಳು. ಸುರಪುರದ ವೆಂಕಟಪ್ಪ ನಾಯಕನು ಎಳೆಯನಿದ್ದಾಗಿನಿಂದ ೧೮೫೩ರಲ್ಲಿ ಆಡಳಿತವು ಅವನ ಕೈಗೆ ಬರುವ ವರೆಗೆ ಸಂಸ್ಥಾನವನ್ನು ನೋಡಿಕೊಂಡವನು ಈ ಟೇಲರನೇ. ಬಾಲಕನು ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ೧೮೫೮ರಲ್ಲಿ ನಾಯಕನು ಇಂಗ್ಲಿಷರ ವಿರುದ್ಧ ಎದ್ದನು. ಲಿಂಗಸೂಗೂರಿನ ದಂಡಿನಿಂದಲೂ ಸೈನ್ಯ ಹೋಯಿತು, ಸುರಪುರ ಬಿದ್ದಿತು, ನಾಯಕನು ಸೆರೆ ಸಿಕ್ಕನು.

ಸೆರೆಯಲ್ಲಿ ಟೇಲರನು ಅವನನ್ನು ಕಂಡ ಪ್ರಸಂಗವನ್ನು ನಾವು ಹಲವು ಬಾರಿ ಓದಿದ್ದೇವೆ. ಪ್ರೇರಣೆ ಕೊಟ್ಟವರ ಹೆಸರು ಹೇಳಿದರೆ ಕ್ಷಮೆ ದೊರೆಯಬಹುದೆಂಬ ಸೂಚನೆ ಬಂದಿತು. ನಾಯಕನು ಹೇಳಲಿಲ್ಲ. ಕಳ್ಳನಂತೆ ನೇಣಿಗೇರುವದಕ್ಕಿಂತ ತೋಪಿನ ಬಾಯಿಗೆ ಕಟ್ಟಿದರೆ ಲೇಸೆಂದು ಕೇಳಿಕೊಂಡನು. ಮರಣದಂಡನೆಯು ಇಳಿಯುತ್ತ ಇಳಿಯುತ್ತ ನಾಲ್ಕು ವರುಷದ ಸೆರೆಯಾಯಿತು. ಆದರೆ ಸೆರೆಮನೆಗೆ ಒಯ್ಯುವ ಹಾದಿಯಲ್ಲಿಯೇ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅವನು ಸತ್ತನು. ಸುರಪುರವು ೧೮೬೦ರಲ್ಲಿ ನಿಜಾಮನ ಪಾಲಾಯಿತು.

ಈ ಪುಟಗಳನ್ನು ಓದುವಾಗ ನಮ್ಮಲ್ಲಿ ಎರಡು ಭಾವಗಳು ಒಟ್ಟಿಗೆ ಏಳುತ್ತವೆ. ಟೇಲರನ ಮಮತೆಯು ಸುಳ್ಳೆಂದು ನಮಗೆ ಅನಿಸುವದಿಲ್ಲ; ಅವನ ದುಃಖ ನಿಜವಾದದ್ದು. ಆದರೂ ಮಗನೆಂದುಕೊಂಡವನ ಸ್ವಾತಂತ್ರ್ಯವನ್ನು ಕಸಿದ ಪ್ರಭುತ್ವದ ಉಪ್ಪನ್ನು ಉಂಡವನೂ ಅವನೇ. ನಮ್ಮನ್ನು ನೋಯಿಸುವದು ಮತ್ತೊಂದು ಮಾತು. ನಾಯಕನ ಆ ಧೀರ ನುಡಿಗಳನ್ನು ನಾವು ಅರಿತದ್ದು ಯಾರಿಂದ? ಟೇಲರನಿಂದ. ಯಾವ ಭಾಷೆಯಲ್ಲಿ? ಇಂಗ್ಲಿಷಿನಲ್ಲಿ. ಸೆರೆಯಲ್ಲಿ ಕುಳಿತ ಆ ಇಪ್ಪತ್ತನಾಲ್ಕರ ತರುಣನ ಎದೆಯೊಳಗೆ ಏನಿತ್ತು? ತನ್ನನ್ನು ಸಾಕಿದವನ ಮೇಲೆ ಅವನಿಗೆ ಸಿಟ್ಟಿತ್ತೋ, ಪ್ರೀತಿಯಿತ್ತೋ? ಅವನ ಕೈಯಲ್ಲಿ ಲೇಖಣಿ ಇರಲಿಲ್ಲ. ಸಾಕ್ಷಿ ಹೇಳುವ ಹೊತ್ತಿಗೆ ಅವನೇ ಇರಲಿಲ್ಲ. ತನ್ನ ಕಥೆಯನ್ನು ತಾನು ಬರೆಯದ ಜನಾಂಗದ ಕಥೆಯನ್ನು ಬೇರೆಯವರು ಬರೆಯುವರು. ಪ್ರೀತಿಯಿಂದಲೇ ಬರೆದರೂ ಅದು ಅವರ ಕಥೆಯೇ ಆಗುವದು.

ಕರ್ನಾಟಕದ ಭಾಗ್ಯದಿಂದ, ನಮ್ಮ ಕಥೆಯನ್ನು ನಾವೇ ಹೇಳಿಕೊಳ್ಳಬೇಕೆಂಬ ಎಚ್ಚರವುಳ್ಳವರು ಬಂದರು. ಅವರಲ್ಲಿ ಅಗ್ರಗಣ್ಯರು ಆಲೂರ ವೆಂಕಟರಾಯರು. ಧಾರವಾಡದ ವಕೀಲಿಯನ್ನು ಬಿಟ್ಟು ನಾಡಿನ ಕೆಲಸವನ್ನು ಹಿಡಿದ ಅವರಿಗೆ ೧೯೦೫ರ ಹಂಪೆ-ಆನೆಗೊಂದಿಯ ಯಾತ್ರೆಯೇ ಪ್ರೇರಣೆಯಾಯಿತು. ಆನೆಗೊಂದಿಯು ತುಂಗಭದ್ರೆಯ ಈಚಿನ ದಂಡೆಯದು. ಅಂದು ನಿಜಾಮನ ರಾಯಚೂರು ಜಿಲ್ಲೆಯದು. ಏಕೀಕರಣದ ಬೀಜವು ಮೊಳೆತ ಮಣ್ಣಿನಲ್ಲಿ ಈ ದೋಆಬಿನ ಮಣ್ಣೂ ಸೇರಿದೆಯೆಂದು ತಾವು ಅಭಿಮಾನಪಡಬಹುದು. ರಾಯರ 'ನನ್ನ ಜೀವನ ಸ್ಮೃತಿಗಳು' ಪುಸ್ತಕವನ್ನು ಓದುವಾಗ ನಮ್ಮನ್ನು ಸೆಳೆದ ಸಂಗತಿಯೆಂದರೆ, ಅದನ್ನು ಬರೆಯತೊಡಗಿದಾಗ ಏಕೀಕರಣವಾಗುವದೋ ಇಲ್ಲವೋ ಅವರಿಗೆ ತಿಳಿದಿರಲಿಲ್ಲ. ಗೆದ್ದ ಮೇಲೆ ಬರೆದ ಸ್ಮೃತಿಗಳಲ್ಲಿ ಎಲ್ಲ ಹಾದಿಗಳೂ ಗೆಲವಿನ ಕಡೆಗೇ ಹೋಗುವವು; ಕತ್ತಲೆಯಲ್ಲಿ ನಡೆಯುತ್ತ ಬರೆದವುಗಳಲ್ಲಿ ನಂಬಿಕೆಯ ನಿಜವಾದ ಬೆಲೆ ಕಾಣುವದು. ೧೯೫೬ರ ನವೆಂಬರ್ ೧ನ್ನು ಅವರು ಕಣ್ಣಾರೆ ಕಂಡು, ೧೯೬೪ರಲ್ಲಿ ತೀರಿಕೊಂಡದ್ದು ನಮ್ಮ ಸಮಾಧಾನ.

ನಿಜಾಮ ಪ್ರಾಂತದ ಕನ್ನಡಿಗರ ಬಾಳನ್ನು ಅರಿಯಬೇಕಾದರೆ ಸಿದ್ಧಯ್ಯ ಪುರಾಣಿಕರ 'ನನ್ನ ನಿನ್ನೆಗಳೊಡನೆ ಕಣ್ಣುಮುಚ್ಚಾಲೆ'ಯನ್ನು ಓದಬೇಕು. ಯಲಬುರ್ಗಿ ಸೀಮೆಯ ದ್ಯಾಂಪುರದಲ್ಲಿ ಅವರು ಹುಟ್ಟಿದ್ದು ೧೯೧೮ರಲ್ಲಿ; ಉರ್ದೂ ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯವು ಹುಟ್ಟಿದ್ದೂ ಅದೇ ವರುಷ. ಅಲ್ಲಿಯೇ ಓದಿ, ಸರಕಾರದ ದೊಡ್ಡ ಅಧಿಕಾರಗಳನ್ನು ನಡೆಸಿ, ಕನ್ನಡದಲ್ಲಿ 'ಕಾವ್ಯಾನಂದ'ರೆಂದು ಹೆಸರಾದರು. ಶಾಲೆಯ ಭಾಷೆ ಒಂದು, ಕಚೇರಿಯ ಭಾಷೆ ಅದೇ, ತಾಯಿಯ ಭಾಷೆ ಮಾತ್ರ ಬೇರೆ. ಇಂಥ ಸ್ಥಿತಿಯಲ್ಲಿ ಒಬ್ಬ ಹುಡುಗನು ಕನ್ನಡವನ್ನು ಎದೆಯಲ್ಲಿ ಉಳಿಸಿಕೊಂಡನೆಂದರೆ ಅದು ಕಾದಂಬರಿಗಿಂತ ರೋಚಕವಾದ ಸಂಗತಿ. ಅಂಥ ಸಾವಿರ ಹುಡುಗರಲ್ಲಿ ಬರೆದಿಟ್ಟವರು ಎಷ್ಟು ಜನ?

ಇಷ್ಟರ ವರೆಗೆ ಹೇಳಿದ ಪುಸ್ತಕಗಳು ನಮಗೆ ಅಭಿಮಾನವನ್ನೂ ಕೆಚ್ಚನ್ನೂ ಕೊಟ್ಟವು. ಆದರೆ ನಮ್ಮನ್ನು ತಲೆ ತಗ್ಗಿಸುವಂತೆ ಮಾಡಿದ ಪುಸ್ತಕಗಳೂ ಉಂಟು. ಮುದ್ದೇಬಿಹಾಳದ ಕಡೆಯ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರು ಕೇರಿ' ಇವು ಕಳೆದ ಶತಮಾನದ ಕೊನೆಯ ದಶಕದಲ್ಲಿ ಬಂದವು. ಸಿದ್ಧಲಿಂಗಯ್ಯನವರು ಹಸಿವನ್ನೂ ಅವಮಾನವನ್ನೂ ನಗುನಗುತ್ತ ಹೇಳುವರು, ನಾವೂ ನಕ್ಕೆವು, ನಕ್ಕ ಮೇಲೆ ಗಂಟಲು ಕಟ್ಟಿತು. ಏಕೆಂದರೆ ಯಾವ ಆತ್ಮಕಥೆಯಲ್ಲಿಯಾದರೂ ಓದುಗನು ತನ್ನ ಮುಖವನ್ನು ಹುಡುಕುವನು. ಈ ಪುಸ್ತಕಗಳಲ್ಲಿ ನಮ್ಮ ಮುಖ ನಮಗೆ ಸಿಕ್ಕಿತು. ಆದರೆ ಬರೆದವರ ಪಕ್ಕದಲ್ಲಲ್ಲ, ಅವರೆದುರಿನ ಕಟ್ಟೆಯ ಮೇಲೆ.

ನಾಲ್ಕಾಣೆಯ ಸಂಶಯವನ್ನು ಹೊತ್ತ ಆ ಆಳಿನ ಮಾತನ್ನು ಮೊದಲಿಗೇ ಹೇಳಿದೆವಷ್ಟೇ. ಅವನನ್ನು ನಾವು 'ಕಾಕಾ' ಎಂದೇ ಕರೆಯುತ್ತಿದ್ದೆವು. ಅವನ ಹೆಗಲ ಮೇಲೆ ಕುಳಿತು ಜಾತ್ರೆ ನೋಡಿದ್ದೇವೆ. ಆದರೆ ಅವನು ನೀರು ಕುಡಿಯುವ ಬಟ್ಟಲು ಮನೆಯೊಳಗಿರಲಿಲ್ಲ. ದನದ ಕೊಟ್ಟಿಗೆಯ ಗೋಡೆಯ ಮಾಡದಲ್ಲಿ ಬೋರಲಾಗಿ ಇರುತ್ತಿತ್ತು. ಅದನ್ನು ಅವನೇ ತೊಳೆದು ಅವನೇ ಇಡಬೇಕು. ನಾವು ಅದನ್ನು ದಿನಾಲು ನೋಡುತ್ತಿದ್ದೆವು; ಆದರೂ ಈ ಪುಸ್ತಕಗಳನ್ನು ಓದುವ ವರೆಗೆ ಆ ಬಟ್ಟಲು ನಮಗೆ ಕಂಡಿರಲಿಲ್ಲ. ಟೇಲರನ ಮಮತೆಯನ್ನು ಟೀಕಿಸಿದ ನಾವು ನಮ್ಮ ಮಮತೆಯನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಾಯಿತು. ಕಾಕಾನು ತನ್ನ ಕಥೆಯನ್ನು ಬರೆದಿದ್ದರೆ ಅದರಲ್ಲಿ ನಮ್ಮ ಮನೆಯವರು ಯಾವ ರೀತಿ ಬರುತ್ತಿದ್ದರು? ಈ ಪ್ರಶ್ನೆಗೆ ಉತ್ತರ ಕೊಡಬಲ್ಲವನು ಈಗ ಇಲ್ಲ.

ಕಾರಣ, ಶಿಕ್ಷಕ ಬಂಧುಗಳೇ, ತಮ್ಮಲ್ಲಿ ನಮ್ಮದೊಂದು ಬಿನ್ನಹ. ಈ ನೆಲವು ಒಂದೇ ತಲೆಮಾರಿನಲ್ಲಿ ಕಂಡ ಬದಲಾವಣೆ ಸಾಮಾನ್ಯವಾದದ್ದಲ್ಲ. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟು ಗಡಿ ದಾಟಿದವರು, ಮುಂಡರಗಿ ಗಜೇಂದ್ರಗಡಗಳ ಶಿಬಿರಗಳಲ್ಲಿ ಹೋರಾಡಿದವರು, ೧೯೪೮ರ ಸೆಪ್ಟೆಂಬರ್ ೧೭ರ ಸುದ್ದಿಯನ್ನು ಕೇಳಿ ಅತ್ತವರು ಇಲ್ಲಿದ್ದರು. ಜೋಳ ಬೆಳೆಯುತ್ತಿದ್ದ ಎರೆಯ ಭೂಮಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದಿತು, ನೆಲ್ಲು ಬಂದಿತು. ನೆಲ್ಲಿನ ಜೊತೆಗೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ಮನೆಮಾರು ಕಳಕೊಂಡವರೂ ಸಿಂಧನೂರಿನ ಸೀಮೆಯಲ್ಲಿ ನೆಲೆಸಿದರು. ಮೊದಲ ಸಲ ಗದ್ದೆಯಲ್ಲಿ ನಾಟಿಗೆ ಇಳಿದ ಹೆಣ್ಣುಮಗಳಿಗೆ ಏನನಿಸಿತು? ನೀರು ಬಂದ ವರುಷ ಹೊಲ ಮಾರಿದವನ ಮನೆಯ ಗತಿ ಏನಾಯಿತು? ಇವೆಲ್ಲ ಇನ್ನೂ ಮುದುಕರ ನಾಲಿಗೆಯ ಮೇಲಿವೆ. ಒಬ್ಬೊಬ್ಬರು ಹೋದಂತೆ ಒಂದೊಂದು ಗ್ರಂಥ ಸುಟ್ಟಂತಾಗುವದು.

ತರಗತಿಯ ಪ್ರತಿಯೊಂದು ಮಗುವಿಗೂ ಮನೆಯ ಅಜ್ಜಿಯನ್ನೋ, ಓಣಿಯ ಮುದುಕನನ್ನೋ ಕೇಳಿ ನಾಲ್ಕು ಪುಟ ಬರೆದು ತರಲು ಹೇಳಿರಿ. ಊರಿನವರ ಕಥೆ ಬಂದಂತೆ ಕೇರಿಯವರದೂ, ಕ್ಯಾಂಪಿನವರದೂ ಬರಲಿ. ದೊಡ್ಡ ಮಾತುಗಳು ಬೇಡ. ಅಂದು ಕೂಲಿ ಎಷ್ಟು, ಉಂಡದ್ದೇನು, ನೀರು ತಂದದ್ದೆಲ್ಲಿಂದ, ಅತ್ತದ್ದು ಯಾವಾಗ ಎಂಬಷ್ಟೇ ಇರಲಿ. ಆಡಿದವರ ಮಾತನ್ನು ತಿದ್ದಿ ಗ್ರಾಂಥಿಕ ಮಾಡಬೇಡಿರಿ. ತಾವೂ ಬರೆಯಿರಿ, ಬರೆಯುವಾಗ ಮಸ್ಕಿಯ ಅರಸನಂತೆ ಸಾಧನೆಯ ಲೆಕ್ಕದೊಡನೆ ಆಲಸ್ಯದ ಲೆಕ್ಕವನ್ನೂ ಕೊಡಿರಿ.

ಕನ್ನಡ ನಾಡು ಭೂಪಟದ ಮೇಲೆ ಒಂದಾಗಿ ದಶಕಗಳೇ ಸಂದವು. ಆದರೆ ಒಬ್ಬರ ನೋವನ್ನು ಇನ್ನೊಬ್ಬರು ಓದಿ ತಿಳಿಯುವ ವರೆಗೆ ಆ ಐಕ್ಯವು ಮುಗಿದ ಕೆಲಸವಲ್ಲ. ಧಾರವಾಡದವನು ದೋಆಬಿನವನ ಕಥೆಯನ್ನು, ಊರಿನವನು ಕೇರಿಯವನ ಕಥೆಯನ್ನು ಓದಿ ನಿದ್ದೆಗೆಡಬೇಕು. ನಾಲ್ಕಾಣೆಯ ಮಾತನ್ನು ನಾವು ತಂದೆಯವರ ಮುಂದೆ ಹೇಳಲಿಲ್ಲ. ಕಾಕಾನ ಮುಂದೆಯೂ ಹೇಳಲಿಲ್ಲ. ಇಂದು ತಮ್ಮ ಮುಂದೆ ಹೇಳಿದ್ದೇವೆ. ತಡವಾಯಿತೆಂದು ಬಲ್ಲೆವು. ತಮ್ಮ ಪಾಲಿಗೆ ಹಾಗಾಗದಿರಲೆಂದು ಹಾರೈಸುವೆವು.