ಫೋನಿಗೆ ಬಂದದ್ದೆಲ್ಲ ಮದ್ದಲ್ಲ



ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ನಮ್ಮದು ಕಾಡಿನ ಸೀಮೆ. ಸೊಪ್ಪು, ದರಗು, ಸೌದೆ ತರಲು ಕಾಡಿಗೆ ಹೋಗುತ್ತೇವೆ. ಅಲ್ಲಿ ಉಣುಗು ಕಚ್ಚಿದರೆ ಮಂಗನ ಕಾಯಿಲೆ ಬರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ಕಾಯಿಲೆ ಮೊದಲು ಗೊತ್ತಾಯಿತು. 2024ರಲ್ಲಿ ನಮ್ಮ ಜಿಲ್ಲೆಯಲ್ಲೂ ಜನ ಇದರಿಂದ ನರಳಿದರು.

ಜ್ವರ ಬಂತು ಅಂದರೆ ಫೋನಿಗೆ ನೂರು ಮಾತು ಬರುತ್ತವೆ. ‘ಈ ಕಷಾಯ ಕುಡಿದರೆ ಸಾಕು’ ಅಂತ ಬರೆದಿರುತ್ತೆ. ಬರೆದವರು ಯಾರು? ಈಗ ನಮಗೆ ಓದು ಬರುತ್ತೆ. ಹೆಸರು ಹುಡುಕಿ ನೋಡೋಣ. ಹೆಸರಿಲ್ಲದ ಮಾತನ್ನು ನಂಬೋದು ಬೇಡ. ಇನ್ನೊಬ್ಬರಿಗೆ ಕಳಿಸೋದೂ ಬೇಡ.

ಸಂಶಯ ಇದ್ದರೆ 104ಕ್ಕೆ ಫೋನ್ ಮಾಡಿ ಕೇಳಿ. ಸರ್ಕಾರದ ಇ-ಸಂಜೀವಿನಿಯಲ್ಲಿ ಡಾಕ್ಟರು ಫೋನಿನಲ್ಲೇ ಮುಖ ನೋಡಿ ಮಾತಾಡುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

ಆದರೆ ಕಾಡಿಗೆ ಹೋಗಿ ಬಂದ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಫೋನ್ ಹಿಡಿದು ಕೂರಬೇಡಿ. ಮಂಗನ ಕಾಯಿಲೆಗೆ ಅಂತಲೇ ಮದ್ದು ಇನ್ನೂ ಇಲ್ಲ. ಬೇಗ ಆಸ್ಪತ್ರೆ ಸೇರಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ರಕ್ತ ಪರೀಕ್ಷೆ ಮಾಡಿಸಿ. ‘ನಾನು ಕಾಡಿಗೆ ಹೋಗಿದ್ದೆ’ ಅಂತ ಡಾಕ್ಟರಿಗೆ ಮರೆಯದೆ ಹೇಳಿ. ಹೋಗಲು ಗಾಡಿ ಇಲ್ಲವೇ? 108ಕ್ಕೆ ಫೋನ್ ಮಾಡಿ.